ಮಾಸ್ತರು ಕೊಟ್ಟ ಕೊನೆಯ ಉದಾಹರಣೆ

ಮಾಸ್ತರು ಯಾರಿಗೂ ಒಂದು ಮಾತು ಹೇಳಲಿಲ್ಲ, ಹೇಳಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಭಾಲ್ಕಿಯಲ್ಲಿ ಇವತ್ತಿಗೂ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹೇಳಿದ್ದರು. ನನಗೇ ಹೇಳಿದ್ದರು.

ಮೊನ್ನೆ ಹಳೆಯ ನೋಟ್‌ಬುಕ್ ತೆರೆದರೆ ನೀಲಗಿರಿ ಎಣ್ಣೆಯ ವಾಸನೆ... ಕರವಸ್ತ್ರಕ್ಕೆ ಅದನ್ನು ಹಚ್ಚಿಕೊಂಡೇ ಅವರು ಪಾಠಕ್ಕೆ ಕೂರುತ್ತಿದ್ದರು. ಔರಾದದಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನನಗೆ ಚರ್ಚಾಸ್ಪರ್ಧೆಗೆ ತರಬೇತಿ ಕೊಡುತ್ತಿದ್ದರು. ನನ್ನನ್ನು ಕರೆಯುತ್ತಿದ್ದದ್ದೇ ‘ವಕೀಲ್ ಬಾಯಿ’ ಎಂದು. ನನ್ನ ಒಂದೊಂದು ವಾದವನ್ನೂ ಮುರಿಯದೆ ಬಿಡುತ್ತಿರಲಿಲ್ಲ.

‘ಅಟ್ ದಿ ಎಂಡ್ ಆಫ್ ಮೈ ರೋಪ್’ ಎಂಬ ನುಡಿಗಟ್ಟನ್ನು ಅವರು ಬಾವಿಯಿಂದ ವಿವರಿಸಿದ್ದರು. “ಕೊಡ ಬಿಟ್ಟಿ, ಹಗ್ಗ ಪೂರಾ ಮುಗೀತು, ನೀರು ಮುಟ್ಟಲಿಲ್ಲ. ಮುಂದ ದಾರೀನೇ ಇಲ್ಲ, ಆವಾಗ ಈ ಮಾತು. ಬ್ಯಾಸರ ಬಂದಾಗೆಲ್ಲ ಬಳಸಬ್ಯಾಡ. ಉದಾಹರಣಿ ಖರೇ ಇರಬೇಕು.”

ಅದಾದ ವಾರಕ್ಕೆ ಬೆಳಿಗ್ಗೆ ಅವರ ಮನೆಗೆ ಹೋದಾಗ ಬಾಗಿಲು ಅರ್ಧ ತೆರೆದಿತ್ತು. ಇಸ್ತ್ರಿ ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ತಂಬಿಗೆಗೆ ಆನಿಸಿಟ್ಟ ಫೋನಿನ ಎದುರು ನೆಟ್ಟಗೆ ಕೂತಿದ್ದರು.

“ಕೌನ್ ಹೈ?” ಎಂದಿತು ಫೋನು.

“ಸ್ಟೂಡೆಂಟ್ ಹೈ, ಸಾಬ್.” ಆಮೇಲೆ ನನ್ನತ್ತ ತಿರುಗದೆಯೇ, “ಇವತ್ತು ಪಾಠ ಇಲ್ಲ. ಇದೊಂದು ಬರಕೋ. ಐ ಆಮ್ ಅಟ್ ದಿ ಎಂಡ್ ಆಫ್ ಮೈ ರೋಪ್.”

ನಾನು ನಕ್ಕೆ. “ಉದಾಹರಣಿ ತಪ್ಪದರಿ ಸರ್. ಮದುಮಗನಂಗ ಕುಂತೀರಿ, ಯಾವ ಹಗ್ಗ ಮುಗದದರಿ?”

ಕರವಸ್ತ್ರದಿಂದ ಹಣೆಯನ್ನು ಮತ್ತೆ ಮತ್ತೆ ಒರೆಸಿಕೊಂಡರು. ಕಂಡೆ... ಸೆಕೆ ಅಂದುಕೊಂಡೆ.

“ಹೌದವ್ವ, ತಪ್ಪಾಯ್ತು. ಹೋಗು.”

ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಸಂಜೆ ಬೀದರಿನ ಬಸ್ಸಿಳಿದು ಬಂದ ಅವರ ಮಗಳು, ಅಲ್ಲಿ ನರ್ಸು, ಫೋನ್ ಕಿತ್ತುಕೊಂಡಾಗಲೇ ಎಲ್ಲ ಹೊರಬಿದ್ದದ್ದು. ಪೊಲೀಸರ ವೇಷದ ಕಳ್ಳರು ‘ಡಿಜಿಟಲ್ ಅರೆಸ್ಟ್’, ಫೋನಿನಲ್ಲೇ ಬಂಧನ ಎಂದು ಹೆದರಿಸಿ ಮಾಸ್ತರನ್ನು ಕ್ಯಾಮೆರಾ ಮುಂದೆ ಕೂರಿಸಿದ್ದರು. ಬಾಯಿ ಬಿಟ್ಟರೆ ಮಗಳನ್ನೂ ಒಯ್ಯುತ್ತೇವೆ ಅಂದಿದ್ದರಂತೆ.

ಆಮೇಲೆ ಅವರು ಪಾಠ ಹೇಳಲಿಲ್ಲ. ಯಾರ ಫೋನು ರಿಂಗಾದರೂ ಅವರ ಕೈ ಕುತ್ತಿಗೆಯ ಗುಂಡಿಗೆ ಹೋಗುತ್ತಿತ್ತು. ವರ್ಷ ತುಂಬುವ ಮೊದಲೇ ಹೋಗಿಬಿಟ್ಟರು.

ನೋಟ್‌ಬುಕ್ಕಿನಲ್ಲಿ ಆ ವಾಕ್ಯ ಇದೆ. ಪಕ್ಕದಲ್ಲಿ ನನ್ನದೇ ಅಕ್ಷರ: ‘ತಪ್ಪು ಪ್ರಯೋಗ’. ಈಗ ಗೊತ್ತಿಲ್ಲದ ನಂಬರ್ ಬಂದರೆ ನನ್ನ ಕೈಯೂ ಕುತ್ತಿಗೆಗೆ ಹೋಗುತ್ತದೆ.

ದಿನಾ ನನ್ನ ವಾದ ಮುರೀತಿದ್ರಿ. ಅವತ್ತೊಂದಿನ ಯಾಕ ಸೋತ್ರಿ, ಸರ್?