ಬೆನ್ನಕಡೆ ಒಡೆದ ಮೂಳೆ

ಬಾರಾವೋನ ಊರಿನ ಗುಡ್ಡದ ಕೇರಿಯವರು ಹೇಳುತ್ತಿದ್ದರು: "ಲಿಯೊಕಾದಿಯಾ ಸ್ವರ್ಗಕ್ಕೆ ಹೋದ್ರೂ ಬಾಗಿಲಲ್ಲೇ ನಿಂತು, ಅದನ್ನ ಕಾಯೋ ಸಂತ ಪೇದ್ರೊನ ಬೀಗದಕೈ ಅಸಲಿಯೋ ನಕಲಿಯೋ ಅಂತ ಕಚ್ಚಿ ನೋಡ್ತಾಳೆ."

ಸುಳ್ಳೇನಲ್ಲ. ಅವಳು ಸಂತೆಯಲ್ಲಿ ಬೆಣ್ಣೆಹಣ್ಣು ಮಾರುವವಳು. ಒಂದೊಂದು ಹಣ್ಣನ್ನೂ ತಿರುಗಿಸಿ ಬೆನ್ನು ನೋಡದೆ ಬುಟ್ಟಿಗೆ ಹಾಕಿದವಳಲ್ಲ. ಗಂಡ ಸತ್ತಾಗಲೂ ಶವಪೆಟ್ಟಿಗೆಯ ಮುಚ್ಚಳ ತೆಗೆಸಿ, ಒಳಗಿರುವುದು ಅವನೇ ಎಂದು ಖಾತ್ರಿ ಮಾಡಿಕೊಂಡ ಮೇಲೇ ಅತ್ತವಳು.

ಒಂದು ಬೆಳಿಗ್ಗೆ ಬಾಡಿಗೆ ಬೈಕು ಓಡಿಸುವ ಕೀಕೊನ ಹಿಂದೆ ಕೂತು ಸಂತೆಗೆ ಹೊರಟಿದ್ದಳು. ತಿರುವಿನಲ್ಲಿ ಎದುರಿನಿಂದ ಬಂದ ಲಾರಿಯ ಮೂತಿ ಅವಳ ಮಡಿಚಿದ ಎಡಮೊಣಕಾಲಿಗೆ ಬಡಿಯಿತು. ಕೀಕೊಗೆ ಒಂದು ಗೀರೂ ಇಲ್ಲ. ಇವಳ ಮೊಣಕಾಲು ಕುಂಬಳಕಾಯಿಯಾಯಿತು.

ಹತ್ತಿರದ ಚಿಕ್ಕ ದವಾಖಾನೆಯಲ್ಲಿ ಎದುರಿನಿಂದ ಒಂದು ಎಕ್ಸರೇ ತೆಗೆದರು. "ಮೂಳೆ ಮುರಿದಿಲ್ಲ, ಬರೀ ಪೆಟ್ಟು. ನಡೀರಿ, ಸರಿಹೋಗುತ್ತೆ" ಎಂದು ಕಳಿಸಿದರು.

ಕಾಲೂರಿದರೆ ಜೀವ ಹೋಗುತ್ತದೆ. ಆದರೆ ಕೇರಿಗೆ ಎಕ್ಸರೇಯ ಮಾತೇ ವೇದವಾಯಿತು. ಗಂಡನ ತಂಗಿ ನೊರ್ಕಾ ಬಾಳೆಕಾಯಿಯ ಮುದ್ದೆ ತಂದಿಟ್ಟು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಏಳಿ ಅತ್ತಿಗೆ, ನಾಟಕ ಸಾಕು. ಮಲಗಿದ್ರೆ ಕಾಲು ಮರಗಟ್ಟುತ್ತೆ."

"ನಾನು ಬಿದ್ದು ಕುಂಟಿಯಾದ್ರೆ ಈ ಮನೆ ನಿನ್ನ ಮಗನಿಗೆ ಅಂತ ಲೆಕ್ಕ ಹಾಕಿದ್ದೀಯಾ?"

"ಅಯ್ಯೋ, ಮುದ್ದೆಗೆ ಉಪ್ಪು ಹಾಕಿದ್ದಕ್ಕೂ ನನ್ನ ಮೇಲೆ ಅನುಮಾನ ಪಡ್ತೀರಿ!"

"ಉಪ್ಪು ಜಾಸ್ತಿನೇ ಆಗಿದೆ."

ಆರು ದಿನ ಅವಳು ಪಾದ ನೆಲಕ್ಕೆ ತಾಕಿಸಲಿಲ್ಲ. ಮನಸ್ಸಿನಲ್ಲಿ ಒಂದೇ ಭಯ: ಈ ಕಾಲು ಹೋದರೆ ಸಂತೆಯಿಲ್ಲ, ಗುಡ್ಡದ ಮನೆಯಿಂದ ಇಳಿಯುವ ಮೆಟ್ಟಿಲಿಲ್ಲ, ಕೊನೆತನಕ ನೊರ್ಕಾಳ ಕೈಯ ಉಪ್ಪು. ಏಳನೆಯ ದಿನ ಎಕ್ಸರೇಯನ್ನು ಕಿಟಕಿಗೆ ಹಿಡಿದು ನೋಡಿದಳು. ಮುಂದಿನ ಮೂಳೆ ನುಣ್ಣಗಿತ್ತು. ಅದೇ ಅವಳಿಗೆ ಸಂಶಯ.

"ಲೋ ಕೀಕೊ, ಹಣ್ಣು ಕೊಳೆಯೋದು ಮಾರೋನು ತೋರಿಸೋ ಕಡೆಯಾ? ಇವರು ಬರೀ ಮುಂದಿನದು ತೋರಿಸಿದ್ದಾರೆ. ದೊಡ್ಡಾಸ್ಪತ್ರೆಗೆ ನಡಿ."

ಅಲ್ಲಿದ್ದ ಮೂಳೆಡಾಕ್ಟರು ಪೆಗೇರೊ ಮೊದಲು ನಕ್ಕರು. ಪಕ್ಕದಿಂದ ಎಕ್ಸರೇ ತೆಗೆಸಿದರು, ನಗು ನಿಂತಿತು. ಮೂಳೆಯನ್ನು ಹೋಳುಹೋಳಾಗಿ ತೋರಿಸುವ ಸ್ಕ್ಯಾನ್ ಯಂತ್ರದೊಳಗೂ ಮಲಗಿಸಿದರು. ತೊಡೆಮೂಳೆಯ ಕೆಳತುದಿಯಲ್ಲಿ ಗುಂಡಗಿನ ಎರಡು ಉಬ್ಬು ಇರುತ್ತವೆ. ಹೊರಗಡೆಯ ಉಬ್ಬಿನ ಹಿಂಬದಿ ಸೀಳಿ, ಹೋಳಾಗಿ ಮೇಲಕ್ಕೆ ಜಾರಿತ್ತು.

"ಅಪರೂಪದ ಮುರಿತ, ದೋನ್ಯಾ ಲಿಯೊಕಾದಿಯಾ. ಎದುರಿನಿಂದ ನೋಡಿದ್ರೆ ಮುಂದಿನ ಮೂಳೆ ಮರೆಮಾಡುತ್ತೆ. ನೀವು ನಡೆದಿದ್ರೆ ಇನ್ನೂ ಜಾರ್ತಿತ್ತು. ತೆರೆದು ಕೂಡಿಸಿ, ಸ್ಕ್ರೂ ಹಾಕಬೇಕು."

"ಎಷ್ಟು ಸ್ಕ್ರೂ?"

"ಎರಡು."

"ತೋರಿಸಿ. ಹಳೇದಲ್ಲ ತಾನೆ?"

ಡಾಕ್ಟರು ತೋರಿಸಿದರು. ಒಂದು ಮಾವಿನಹಣ್ಣಿನ ಕೆನ್ನೆ ಕೊಯ್ದು ಮತ್ತೆ ಕೂಡಿಸಿ, ಎರಡು ಕಡ್ಡಿ ಚುಚ್ಚಿ, ಹೋಳು ಅಲ್ಲಾಡದಿರುವುದನ್ನೂ ತೋರಿಸಿದರು. ಅವಳು ಎಳೆದು ನೋಡಿದಳು. ಬರಲಿಲ್ಲ. ಆಮೇಲೆ ಸಹಿ ಹಾಕಿದಳು. ಆದರೂ ಶಸ್ತ್ರಚಿಕಿತ್ಸೆಯ ದಿನ ಬಟ್ಟೆ ಸರಿಸಿದ ದಾದಿಗೆ ಬಲಗಾಲಿನ ಮೇಲೆ ಇದ್ದಿಲಲ್ಲಿ ಬರೆದ ದಪ್ಪಕ್ಷರ ಕಂಡಿತು: "ಇದಲ್ಲ."

ಎಂಟು ವಾರ ಊರುಗೋಲು. ಮೂರು ತಿಂಗಳಿಗೆ ಮೊಣಕಾಲು ಮುಕ್ಕಾಲು ಮಡಿಚಿತು. ಐದನೇ ತಿಂಗಳು ಅರವತ್ತೊಂದು ಮೆಟ್ಟಿಲು ಇಳಿದು ಸಂತೆಗೆ ಬಂದಳು. ಡಾಕ್ಟರು ಮಾತ್ರ ಎಚ್ಚರಿಸಿದ್ದರು: "ಕೀಲು ಸವೆಯುತ್ತೆ. ಮೆಟ್ಟಿಲೋ, ಮೊಣಕಾಲೋ, ಒಂದನ್ನ ಇಟ್ಕೊಳ್ಳಿ."

"ಇದು ನೊರ್ಕಾ ಹೇಳಿಕೊಟ್ಟ ಮಾತು" ಎಂದುಕೊಂಡು ಎರಡು ವರ್ಷ ಹತ್ತಿದಳು, ಇಳಿದಳು. ಯಾರ ಮಾತನ್ನೂ ನಂಬದೆ ಮೊಣಕಾಲಿನ ಮಾತನ್ನೇ ಕೇಳಿದಳು. ಮೊದಮೊದಲು ಐವತ್ತನೇ ಮೆಟ್ಟಿಲಲ್ಲಿ ಕಟಕಟ ಅನ್ನುತ್ತಿದ್ದದ್ದು, ಬರಬರುತ್ತ ಇಪ್ಪತ್ತನೆಯದರಲ್ಲೇ ಅನ್ನತೊಡಗಿತು.

ಕೊನೆಗೆ ಸಂತೆಯ ಪಕ್ಕ, ಸಮನೆಲದಲ್ಲಿ ಒಂದು ಕೋಣೆ ಹಿಡಿದಳು. ಸಾಮಾನು ಕೆಳಗೆ ಹೋಯಿತು. ಗುಡ್ಡದ ಮನೆಯ ಬಾಗಿಲಲ್ಲಿ ಅದರ ಬೀಗದಕೈಯನ್ನು ನೊರ್ಕಾಳ ಅಂಗೈಗಿಟ್ಟಳು.

"ನಿಮ್ಮನ್ನ ಹೊತ್ತು ಇಳಿಸೋಕೆ ಮಗ ಕುರ್ಚಿ ತಂದಿದ್ದಾನೆ ಅತ್ತಿಗೆ."

"ನಿನ್ನ ಮಗ ಹೊತ್ತರೆ ನಾನು ಕೆಳಗೆ ಬೇಗ ಮುಟ್ತೀನಿ, ಉರುಳಿಕೊಂಡು."

ನೊರ್ಕಾ ನಗುತ್ತಲೇ ಕಣ್ಣೊರೆಸಿಕೊಂಡಳು. ಲಿಯೊಕಾದಿಯಾ ಆ ಕಣ್ಣನ್ನೂ ಒಂದು ಗಳಿಗೆ ಸಂಶಯದಿಂದ ನೋಡಿದಳು. ಗೋಡೆ ಹಿಡಿದು ಎಡಗಾಲನ್ನು ಮೊದಲು ಕೆಳಗಿನ ಮೆಟ್ಟಿಲಿಗಿಟ್ಟಳು. ಅದು ಭಾರ ತಡೆದುಕೊಂಡಿತು. ಬಲಗಾಲು ಹಿಂದೆ ಬಂತು.