ಭಾವ ಹಗುರ ಮಾಡಿದ ದೋಣಿ

ಸ್ನೇಹಿತರೇ, ಇವತ್ತು ಬೆಳಗ್ಗೆ ಮಳವಳ್ಳಿ ಹತ್ತಿರದ ಕೆರೆಯಲ್ಲಿ ನಮ್ಮ ರಿಮೋಟ್ ಹಾಯಿದೋಣಿಗಳ ರೇಸಿತ್ತು. ಸೊಂಟದೆತ್ತರದ ಈ ದೋಣಿಗಳಿಗೆ ಮೋಟಾರಿಲ್ಲ, ಓಡಿಸುವುದು ಗಾಳಿ. ರಿಮೋಟಿನಿಂದ ಚುಕ್ಕಾಣಿ ತಿರುಗಿಸಬಹುದು, ಹಾಯಿ ಬಿಗಿ ಸಡಿಲ ಮಾಡಬಹುದು, ಅಷ್ಟೇ. ವಾರವೆಲ್ಲ ಕೂತು ಹಾಯಿಯ ದಾರ ಹದ ಮಾಡಿ, ದೋಣಿಯನ್ನು ಹಲಗೂರಿನ ಅಕ್ಕನ ಮನೆಯಲ್ಲಿಟ್ಟಿದ್ದೆ.

ಅದನ್ನು ಕೆರೆಗೆ ತಂದು ನೀರಿಗೆ ಬಿಟ್ಟವರು ಭಾವ, ಎತ್ತಿನ ಗಾಡಿ ರೇಸಿನಲ್ಲಿ ಹೆಸರು ಮಾಡಿದವರು. ರೇಸು ಶುರುವಾಗುವ ಸೀಟಿ ಕೇಳಿಸಿತು. ಗಾಳಿ ಬೀಸಿದ್ದೇ ತಡ, ದೋಣಿ ಎಮ್ಮೆಯ ಹಾಗೆ ಮಗ್ಗುಲಾಗಿ ಮಲಗಿತು, ಏಳಲೇ ಇಲ್ಲ. ದಡಕ್ಕೆ ಎಳೆದು ನೋಡಿದರೆ ತಳದ ಸೀಸದ ಗುಂಡು ಮಾಯ. ಹಾಯಿಗೆ ಗಾಳಿ ಹೊಡೆದಾಗ ದೋಣಿಯನ್ನು ನೆಟ್ಟಗೆ ನಿಲ್ಲಿಸುವುದೇ ಅದು.

"ನಾನೇ ಬಿಚ್ಚಿವ್ನಿ ಕಣ್ಲಾ," ಅಂದರು ಭಾವ. "ರೇಸಿಗೆ ಬುಡೋ ಗಾಡಿ ಅಗುರಾಗಿರ್ಬೇಕು. ಅಷ್ಟು ತೂಕ ಕಟ್ಕೊಂಡು ಯಾವನ್ಲಾ ಗೆದ್ದವ್ನೆ?"

"ಇದಕ್ಕೆ ಎತ್ತು ಕಟ್ಟಲ್ಲ ಭಾವ. ಬಿಚ್ಚೋ ಮುಂಚೆ ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಓಡ್ಸಕ್ಕೆ ಬರ್ದೋನು ಗಾಡಿ ಕಟ್ದೋನ್ನ ಬಯ್ತಾನೆ," ಅಂದು ಬೀಡಿ ಹಚ್ಚಿದರು.

ಸಿಟ್ಟು ನುಂಗಿಕೊಂಡು ಗುಂಡು ತರಲು ಅವರ ಮನೆಗೆ ಹೋದೆ. ತೆರೆದ ಬಾಗಿಲಿಗೆ ಒತ್ತಾಗಿ ಕೂತಿತ್ತು.

"ಅದ ತಗೀಬ್ಯಾಡ ಕಣಪ್ಪ," ಅಂದಳು ಅಕ್ಕ. "ಗಾಳಿಗೆ ಬಾಗ್ಲು ಬಡ್ಕತದೆ ಅಂತ ನಿಮ್ ಭಾವ ಮಡಗವ್ರೆ."

ಗಾಳಿಯೆದುರು ನಿಲ್ಲಲು ತೂಕ ಬೇಕೆಂಬುದು ಮಹಾನುಭಾವರಿಗೆ ಚೆನ್ನಾಗಿ ಗೊತ್ತಿದೆ. ಮನೆ ಬಾಗಿಲಿನ ವಿಷಯದಲ್ಲಿ.