ಗೋಡೆಯಾಚೆಯ ಜೋಗುಳ

ಕೊಡಗಿನವಳು ಅಂತ ಹೇಳಿಕೊಳ್ಳುವುದರಲ್ಲಿ ನನಗೊಂದು ಫಜೀತಿಯಿದೆ. ಮೈಸೂರಿನ ಮದುವೆ ಮನೆಯಲ್ಲಿ ಯಾರೋ ಊರು ಕೇಳುತ್ತಾರೆ, ನಾನು ಹೇಳುತ್ತೇನೆ, ಅವರ ಮುಖ ಅರಳುತ್ತದೆ. "ಅಯ್ಯೋ ಹೌದಾ! ಹಂದಿ ಕರಿ ಹೇಗೆ ಮಾಡೋದು ಹೇಳಿಕೊಡ್ರೀ." ನಾನು ಶನಿವಾರಸಂತೆ ಕಡೆಯ ಲಿಂಗಾಯತರ ಮನೆಯವಳು, ನಮ್ಮಲ್ಲಿ ಮೊಟ್ಟೆ ಕೂಡ ಹೊಸಿಲು ದಾಟುವುದಿಲ್ಲ ಎಂದರೆ ಅವರಿಗೆ ಮೋಸಹೋದಂತಾಗುತ್ತದೆ. ಆಮೇಲೆ ನನ್ನ ಸೀರೆ ನೋಡುತ್ತಾರೆ. ನೆರಿಗೆ ಕೊಡವತಿಯರ ಹಾಗೆ ಹಿಂದಿಲ್ಲ, ಎಲ್ಲರ ಹಾಗೆ ಮುಂದೆಯೇ ಇದೆ. "ಹಾಗಾದ್ರೆ ನೀವು ಒರಿಜಿನಲ್ ಅಲ್ಲ ಬಿಡಿ" ಎಂದು ತೀರ್ಪು ಕೊಟ್ಟು ಪಾಯಸದ ಕಡೆ ತಿರುಗುತ್ತಾರೆ. ಇತ್ತ ಪೊನ್ನಂಪೇಟೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತಾ ತಲೆ ನರೆಸಿಕೊಂಡಿದ್ದರೂ ತರಕಾರಿ ಅಂಗಡಿಯವನು ಇನ್ನೂ ಕೇಳುವುದು, "ಮೇಡಂ, ನೀವು ಹಾಸನದವರಲ್ವಾ?"

ಇಂಥವಳನ್ನೇ ಹುಡುಕಿ, ಕಾಲೇಜಿನವರು ಬಿ.ಎ. ಕೊನೆಯ ವರ್ಷದ ಮಕ್ಕಳ ಸಂಶೋಧನಾ ಪ್ರಾಜೆಕ್ಟಿಗೆ ಗೈಡ್ ಮಾಡಿದರು. ವಿಷಯ: ನನ್ನ ಸಂಸ್ಕೃತಿ, ನನ್ನ ಅಸ್ಮಿತೆ. ನಮ್ಮ ಹಿರಿಯರು ಯೋಗಶಾಸ್ತ್ರದಲ್ಲಿ ಅಸ್ಮಿತೆಯನ್ನು ಕ್ಲೇಶಗಳ ಸಾಲಿಗೆ ಸೇರಿಸಿದ್ದರು. ನಾವು ಸಿಲೆಬಸ್ಸಿಗೆ ಸೇರಿಸಿದ್ದೇವೆ. ವ್ಯತ್ಯಾಸವೇನೂ ಇಲ್ಲ ಎಂದು ನನಗೆ ಆ ತಿಂಗಳಲ್ಲೇ ಗೊತ್ತಾಯಿತು.

ಮಕ್ಕಳ ಉತ್ಸಾಹವನ್ನಂತೂ ಕೇಳಬೇಡಿ. ಕೊಡವರ ಹುಡುಗನೊಬ್ಬ ತಮ್ಮ ಐನ್‌ಮನೆಯಿಂದ, ಅಂದರೆ ಕುಲದ ಮೂಲಮನೆಯಿಂದ, ಮುತ್ತಾತನ ಪೀಚೆಕತ್ತಿಯನ್ನು ಕ್ಲಾಸಿಗೇ ತಂದುಬಿಟ್ಟ. ಪ್ರಿನ್ಸಿಪಾಲರು ಬೆವರಿ, ಅದನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿ, ಸಂಜೆ ಅವನ ಅಪ್ಪ ಬರುವವರೆಗೂ ಬೀರುವಿನ ಮುಂದಿಂದ ಕದಲಲಿಲ್ಲ. ಅರೆಭಾಷೆಯ ಹುಡುಗಿ ಅಜ್ಜಿಯ ಮಾತನ್ನೆಲ್ಲ ಮೊಬೈಲಿನಲ್ಲಿ ತುಂಬಿಸಿಕೊಂಡು ಬಂದಳು. ಕೇಳಿದರೆ ಅರ್ಧಕ್ಕರ್ಧ ಸೊಸೆಯ ಮೇಲಿನ ದೂರು! ಅದೂ ಸಂಸ್ಕೃತಿಯೇ ಅಂತ ನಾನು ಇಟ್ಟುಕೊಳ್ಳಲು ಹೇಳಿದೆ.

ಸುಮತಿ ಮಾತ್ರ ಬರಿಗೈಯಲ್ಲಿ ಬಂದಳು. ತಿತಿಮತಿ ಹತ್ತಿರದ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೆಲಸದವರಿಗೆಂದು ಸಾಲಾಗಿ ಕಟ್ಟಿಸಿದ ಮನೆಗಳಲ್ಲೊಂದರಲ್ಲಿ ಹುಟ್ಟಿದವಳು. ಅಮ್ಮ ಸೆಲ್ವಿಯ ಮಾತು ತಮಿಳು, ತೀರಿಹೋದ ಅಪ್ಪನದು ತುಳು, ಶಾಲೆಯದು ಕನ್ನಡ. "ಮೇಡಂ, ನಾನು ಬೇರೆ ಯಾರದ್ದಾದ್ರೂ ಐನ್‌ಮನೆ ಬಗ್ಗೆ ಬರೀತೀನಿ. ನಮಗೆ ಅಂತ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಊರು ಇಲ್ಲ, ದೇವಸ್ಥಾನ ಇಲ್ಲ, ಮನೆ ಎಸ್ಟೇಟಿನವರದ್ದು. ಎಲ್ಲರೂ ಫೋಟೋ ತೋರಿಸ್ತಾರೆ. ನಾನು ಏನು ತೋರಿಸ್ಲಿ? ಇಲ್ಲಾಂದ್ರೆ ಪ್ರಾಜೆಕ್ಟೇ ಬೇಡ ಮೇಡಂ, ಫೇಲ್ ಆದ್ರೆ ಆಗ್ಲಿ."

ಕಣ್ಣಲ್ಲಿ ನೀರು ತುಂಬಿತ್ತು. ಒರಿಜಿನಲ್ ಅಲ್ಲ ಬಿಡಿ ಅಂತ ಈ ಮಗುವಿಗೆ ಯಾರೂ ಹೇಳಬೇಕಾಗಿಯೇ ಇರಲಿಲ್ಲ, ತನಗೆ ತಾನೇ ಹೇಳಿಕೊಂಡಿದ್ದಳು. ಗೈಡ್ ಆದವಳು ಇಂಥ ಹೊತ್ತಿನಲ್ಲಿ ಏನಾದರೂ ಘನವಾದದ್ದು ಹೇಳಬೇಕು. ನಾನೋ, "ಚಿಕ್ಕವಳಿದ್ದಾಗ ನಿನ್ನ ಹೇಗೆ ಮಲಗಿಸ್ತಿದ್ರು?" ಅಂತ ಸುಮ್ಮನೆ ಕೇಳಿದೆ.

ಹುಡುಗಿ ಮೂಗು ಒರೆಸಿಕೊಂಡು ಗುನುಗಿದಳು. ಉದ್ದಕ್ಕೆ ಎಳೆಯುವ ಒಂದು ರಾಗ. ಮಾತುಗಳು ಯಾವ ಭಾಷೆಯವೋ ತಿಳಿಯದು. "ಪೊನ್ನು" ಎನ್ನುವುದೊಂದು ಮಾತ್ರ ಆಗಾಗ ಕೇಳುತ್ತಿತ್ತು. ಚಿನ್ನ ಎಂದರ್ಥ. ತಮಿಳರು ನಮ್ಮದು ಎಂದಾರು, ಮಲಯಾಳಿಗಳೂ ಎಂದಾರು. ಹಳಗನ್ನಡದಲ್ಲೂ ಪೊನ್ ಇದೆ ಎಂದು ನಾನೂ ಒಳಗೊಳಗೇ ಒಂದು ಅರ್ಜಿ ಹಾಕಿದೆ. ನೋಡಿ, ಕ್ಲೇಶ ಯಾರನ್ನೂ ಬಿಡುವುದಿಲ್ಲ.

"ಇದು ಯಾರ ಹಾಡು ಅಂತ ಪತ್ತೆ ಮಾಡು. ಅದೇ ನಿನ್ನ ಪ್ರಾಜೆಕ್ಟ್" ಎಂದೆ.

ಅಮ್ಮನನ್ನು ಕೇಳಿದಳು. ಸೆಲ್ವಿ ಕೈ ಅಲ್ಲಾಡಿಸಿಬಿಟ್ಟಳು: "ನಂಗೆಲ್ಲಿ ಹಾಡು ಬರ್ತದೆ? ಕಾಫಿ ಪಿಕ್ಕಿಂಗಿಂದ ಬಂದ್ರೆ ಸೊಂಟ ನೆಟ್ಟಗಾಗ್ತಿರ್ಲಿಲ್ಲ. ಅದು ಪಕ್ಕದ್ಮನೆ ಐಸಮ್ಮಂದು." ಲೈನಿನ ಮನೆಗಳ ನಡುವಿನ ಗೋಡೆ ಸೂರಿನವರೆಗೆ ಹೋಗುವುದಿಲ್ಲ. ಮೇಲೆ ಒಂದು ಮೊಳ ಜಾಗ ಬಿಟ್ಟಿರುತ್ತಾರೆ. ಆ ಸಂದಿಯಲ್ಲಿ ಒಗ್ಗರಣೆ ಘಾಟು, ಕೆಮ್ಮು, ಜಗಳ ಎಲ್ಲವೂ ಎಲ್ಲರಿಗೂ ಹಂಚಿಕೆಯಾಗುತ್ತದೆ. ಒಂದು ಮನೆಯ ಮಗು ಅತ್ತರೆ, ತಾಯಿ ಕೆಲಸದಲ್ಲಿದ್ದರೆ, ಆಚೆ ಮನೆಯವಳು ಕೂತಲ್ಲಿಂದಲೇ ಹಾಡುವುದು ಅಲ್ಲಿಯ ರೂಢಿಯಂತೆ. ಯಾರೂ ಕೇಳಿಕೊಳ್ಳುವುದಿಲ್ಲ, ಯಾರೂ ಥ್ಯಾಂಕ್ಸ್ ಹೇಳುವುದೂ ಇಲ್ಲ.

ಐಸಮ್ಮನ ಮಾತು ಮಲಯಾಳಂ. ಸರಿ, ಮಲಯಾಳಂ ಹಾಡು ಎಂದು ತೀರ್ಮಾನಿಸಿ ಸುಮತಿ ಐಸಮ್ಮನನ್ನು ಹುಡುಕಿಕೊಂಡು ಹಾರಂಗಿ ಕಡೆ ಹೋದಳು. ಆಕೆ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಬೆಲ್ಲದ ಕಾಫಿ ಕುಡಿಸಿ, ಕೆನ್ನೆ ಸವರಿ, ಹಾಡು ಕೇಳಿ ಐಸಮ್ಮ ನಕ್ಕಳಂತೆ. "ನಂದಲ್ಲ ಮೋಳೇ, ನಿನ್ನಮ್ಮಂದೇ! ಅವಳು ಗೋಡೆ ಆಚೆ ಹಾಡಿ ಹಾಡಿ ನಂಗೂ ಬಾಯಿಗೆ ಬಂತು. ನಂಗೆ ತಮಿಳು ಎಲ್ಲಿ ಬರ್ತದೆ?"

ಸುಮತಿ ಮತ್ತೆ ನನ್ನ ಮುಂದೆ ಬಂದು ನಿಂತಳು. ಅಳುತ್ತಾಳೇನೋ ಅಂತ ನಾನು ಹೆದರಿದೆ. ನೋಡಿದರೆ ನಗುತ್ತಿದ್ದಳು. ಇಷ್ಟು ದಿನ ಆ ಮುಖದಲ್ಲಿ ಅಂಥ ನಗು ನಾನು ಕಂಡಿರಲಿಲ್ಲ. "ಮೇಡಂ, ಹಾಡಿಗೆ ದಿಕ್ಕೇ ಇಲ್ಲ. ಬರೀಲಾ?"

"ಬರಿ" ಎಂದೆ.

ವೈವಾ ಪರೀಕ್ಷೆಯ ದಿನ ಹೊರಗಿನ ಕಾಲೇಜಿನಿಂದ ಪರೀಕ್ಷಕರು ಬಂದಿದ್ದರು, ಮಾತು ಕಡಿಮೆಯ ಮನುಷ್ಯ. ಮನೆಯವರೂ ಬರಬಹುದು ಎಂದಿದ್ದರಿಂದ ಸೆಲ್ವಿ, ಐಸಮ್ಮ ಇಬ್ಬರೂ ಹಿಂದಿನ ಬೆಂಚಿನಲ್ಲಿದ್ದರು. ಎಷ್ಟೋ ವರ್ಷಗಳ ನಂತರ ಸಿಕ್ಕಿದವರು, ಕೈ ಕೈ ಹಿಡಿದುಕೊಂಡು ಕೂತಿದ್ದರು. ಪರೀಕ್ಷಕರು ಹಾಳೆ ತಿರುವಿ, ಹಾಡಿ ತೋರಿಸಮ್ಮ ಎಂದರು. ಸುಮತಿ ಕಣ್ಣು ಮುಚ್ಚಿ ಹಾಡಿದಳು. ಊಟವಾದ ಮೇಲಿನ ಹೊತ್ತು. ಪರೀಕ್ಷಕರಿಗೇ ಆಕಳಿಕೆ ಬಂತು. ಇದು ಜೋಗುಳ ಎನ್ನುವ ತನ್ನ ವಾದವನ್ನು ಇಷ್ಟು ನೇರವಾಗಿ ರುಜುವಾತು ಮಾಡಿದ ಪ್ರಾಜೆಕ್ಟನ್ನು ನಾನಂತೂ ಬೇರೆ ಕಂಡಿಲ್ಲ.

ಅವರು ಸಾವರಿಸಿಕೊಂಡು ಕೇಳಿದರು, "ಚೆನ್ನಾಗಿದೆ. ಆದ್ರೆ ಕೊನೆಗೆ ಹಾಡು ಯಾರದ್ದು? ಅದು ಇತ್ಯರ್ಥ ಆಗಲಿಲ್ವಲ್ಲ?"

ಸುಮತಿ ತಡವರಿಸಲಿಲ್ಲ. "ಆಗ್ಲಿಲ್ಲ ಸರ್. ಆದ್ರೆ ನಿದ್ದೆ ಬಂದಿದ್ದು ನನಗೆ. ಅಷ್ಟು ಮಾತ್ರ ಗ್ಯಾರಂಟಿ."

ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾಗಿತ್ತು. ತಿರುಗಿ ನೋಡಿದೆ. ಸೆಲ್ವಿ ಐಸಮ್ಮನ ಕಡೆ ಬೆರಳು ತೋರಿಸುತ್ತಿದ್ದಳು, ಐಸಮ್ಮ ಸೆಲ್ವಿಯ ಕಡೆ. ಇದು ನಮ್ಮದು, ಅದು ನಮ್ಮದು ಎನ್ನುವ ಜಗಳ ಈ ಜಿಲ್ಲೆಯಲ್ಲಿ ನಾನು ಬೇಕಾದಷ್ಟು ಕೇಳಿದ್ದೇನೆ. ನಿನ್ನದೇ ಕಣೇ, ಇಲ್ಲ ನಿನ್ನದೇ ಎಂದು ಇಬ್ಬರು ಹಟ ಹಿಡಿದು ಜಗಳವಾಡಿದ್ದನ್ನು ಕೇಳಿದ್ದು ಅವತ್ತೇ ಮೊದಲು. ಬಿಡಿಸಲು ನಾನು ಹೋಗಲಿಲ್ಲ.